ಎಡಗಡೆ ಸೀಟಿನ ಪಾಠಶಾಲೆ

ಅಷ್ಟೂರ ಎಂದರೆ ಹೊರಗಿನವರಿಗೆ ಬಹಮನಿ ಸುಲ್ತಾನರ ಗುಮ್ಮಟಗಳು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹ್ಮದ್ ಷಾ ವಲಿಯ ಸಮಾಧಿ, ಅದರ ಒಳಗೋಡೆಯ ಬಣ್ಣದ ಚಿತ್ತಾರ, ಹಿಂದೂ-ಮುಸ್ಲಿಮರಿಬ್ಬರೂ ಕೂಡುವ ವರ್ಷದ ಜಾತ್ರೆ. ಊರವರಿಗೆ ಮಾತ್ರ ಅಷ್ಟೂರ ಬೀದರ್ ಪಟ್ಟಣಕ್ಕೆ ಪೂರ್ವದಲ್ಲಿ, ಮೂರ್ನಾಲ್ಕು ಕಿಲೋಮೀಟರ್ ಆಚೆ ಇರುವ ಒಂದು ಹಳ್ಳಿ. ಈ ಸೀಮೆಯ ಹೊಲಗಳಲ್ಲಿ ತೊಗರಿ, ಉದ್ದು, ಸೋಯಾ. ಹೊಲದಿಂದ ಹೊಟ್ಟೆ ತುಂಬದ ಮನೆಯ ಹುಡುಗರು ಬೀದರಿನ ಗಾಂಧಿ ಗಂಜ್, ಕೊಳಾರದ ಕೈಗಾರಿಕಾ ಪ್ರದೇಶ, ಗಡಿಯಾಚೆಯ ಜಹೀರಾಬಾದ್, ಇನ್ನೂ ಮುಂದೆ ಹೈದರಾಬಾದ್ ಎಂದು ಕೆಲಸ ಹುಡುಕಿ ಹೊರಡುತ್ತಾರೆ. ಬೀದರ್, ಭಾಲ್ಕಿ, ಔರಾದ್ ಸುತ್ತಿನ ಇಂಥ ಹುಡುಗರಿಗೆ ಕೈಗೆಟಕುವಂತೆ ಕಾಣುವ ಒಂದು ನೌಕರಿ ಲಾರಿ ಡ್ರೈವರಿಕೆ. ಫೀಸು ಕಟ್ಟಿ, ಡ್ರೈವಿಂಗ್ ಸ್ಕೂಲಿಗೆ ಹೋಗಿ, ಹೆವಿ ಲೈಸೆನ್ಸ್ ಮಾಡಿಸಿಕೊಂಡು ಟ್ರಾನ್ಸ್‌ಪೋರ್ಟ್ ಆಫೀಸಿನ ಮೆಟ್ಟಿಲು ಹತ್ತಿದರೆ ಸೇಠ್ ಲೈಸೆನ್ಸ್ ಕಡೆ ನೋಡುವುದೂ ಇಲ್ಲ. ಕೇಳುವುದು ಒಂದೇ ಮಾತು: “ಯಾರ ಗಾಡಿ ಮ್ಯಾಲ ಇದ್ದಿ ತಮ್ಮಾ?”

ಯಾರ ಗಾಡಿಯ ಮೇಲೂ ಇರದವನಿಗೆ ಈ ಪ್ರಶ್ನೆಗೆ ಉತ್ತರವಿಲ್ಲ. ಅತ್ತ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ದೇಶದಲ್ಲಿ ಸುಮಾರು 22 ಲಕ್ಷ ಚಾಲಕರ ಕೊರತೆ ಇದೆ ಎನ್ನುತ್ತಾರೆ. ಇತ್ತ ಲೈಸೆನ್ಸ್ ಕಿಸೆಯಲ್ಲಿಟ್ಟುಕೊಂಡವನು ಗಂಜ್‌ನಲ್ಲಿ ಹಮಾಲಿ ಮಾಡುತ್ತಾನೆ. ಎರಡೂ ನಿಜ. ಈ ಎರಡರ ನಡುವೆ ಇದ್ದ ಒಂದು ಸಂಸ್ಥೆ ಸದ್ದಿಲ್ಲದೆ ಮುಚ್ಚುತ್ತಿದೆ. ಅದಕ್ಕೆ ಬೋರ್ಡು ಇರಲಿಲ್ಲ, ಹಾಜರಿ ಪುಸ್ತಕ ಇರಲಿಲ್ಲ. ಅದು ಲಾರಿಯ ಎಡಗಡೆ ಸೀಟು, ಕ್ಲೀನರ್ ಕೂರುವ ಜಾಗ.

ಕಾಗದದ ದಾರಿ

ಮೊದಲು ಕಾನೂನಿನ ದಾರಿ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಾರು-ಜೀಪಿನ ಲೈಸೆನ್ಸಿಗೆ 18 ವರ್ಷ ಸಾಕು. ಸರಕು-ಪ್ರಯಾಣಿಕರ ವಾಹನಕ್ಕೆ 20 ಆಗಬೇಕು. ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಕಳೆದ ಮೇಲೆಯೇ ಲಾರಿಯ ಎಲ್‌ಎಲ್ಆರ್. ಡ್ರೈವಿಂಗ್ ಸ್ಕೂಲು ಕೊಡುವ ಫಾರಂ 5, ಡಾಕ್ಟರ ಸರ್ಟಿಫಿಕೇಟ್, ಆಮೇಲೆ ಆರ್‌ಟಿಒ ಪರೀಕ್ಷೆ. ಎಂಟನೇ ಇಯತ್ತೆ ಪಾಸಾಗಿರಬೇಕೆಂಬ ಷರತ್ತು 2019ರಲ್ಲಿ ಹೋಯಿತು. ಹರಿಯಾಣದ ಮೇವಾತ್ ಸೀಮೆಯಲ್ಲಿ ಶಾಲೆ ಕಲಿಯದೆ ಲಾರಿಯನ್ನೇ ನಂಬಿ ಬದುಕುವ ಮನೆಗಳು ಬಹಳ. ಅವರಿಗೆ ವಿನಾಯಿತಿ ಬೇಕೆಂದು ಅಲ್ಲಿನ ಸರ್ಕಾರ ಕೇಳಿದ್ದು ಇದಕ್ಕೆ ಕಾರಣವಾಯಿತು. ಅದೇ ವರ್ಷದ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಅಂದರೆ ಕಾಗದದ ದಾರಿ ಈಗ ಮೊದಲಿಗಿಂತ ಸಲೀಸು.

ಆ ದಾರಿಯಲ್ಲಿ ಸ್ಟೇರಿಂಗ್ ಕೈಗೆ ಸಿಗುವುದು ಎಷ್ಟು ಹೊತ್ತು? ಕೇಂದ್ರ ಮೋಟಾರು ವಾಹನ ನಿಯಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಸರಕು ವಾಹನ ಕಲಿಯುವವನಿಗೆ ಕನಿಷ್ಠ 30 ದಿನ ತರಬೇತಿ, ಅದರಲ್ಲಿ 15 ಗಂಟೆ ಗಾಡಿ ಓಡಿಸುವುದು ಎನ್ನುತ್ತವೆ. 2021ರ ಜುಲೈನಿಂದ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮ ಇದನ್ನು ತರಗತಿಯ ಪಾಠವೂ ಸೇರಿ ಆರು ವಾರ, 38 ಗಂಟೆಗೆ ಏರಿಸಿತು. ಅಲ್ಲಿ ಪಾಸಾದವನಿಗೆ ಆರ್‌ಟಿಒ ಪರೀಕ್ಷೆ ಮತ್ತೆ ಇಲ್ಲ. ಆದರೆ ಕಲಿಸುವ ಗಾಡಿ ಖಾಲಿ. 2018ರ ಜುಲೈನಲ್ಲಿ ಆಕ್ಸಲ್ ಮಿತಿ ಹೆಚ್ಚಿಸಿದ ಮೇಲೆ ಹತ್ತು ಚಕ್ರದ ಲಾರಿ ಸರಕೂ ಸೇರಿ 28.5 ಟನ್ ತೂಗಬಹುದು. ಮೊದಲು 25 ಟನ್ ಇತ್ತು. ಖಾಲಿ ಗಾಡಿ ನಿಂತ ಜಾಗದಲ್ಲಿ ತುಂಬಿದ ಗಾಡಿ ನಿಲ್ಲುವುದಿಲ್ಲ, ಅದು ತಿರುಗಿದ ಹಾಗೆ ಇದು ತಿರುಗುವುದಿಲ್ಲ. ಅಷ್ಟು ಭಾರ ಬೆನ್ನ ಹಿಂದೆ ಬಂದಾಗ ಏನಾಗುತ್ತದೆಂದು ಫಾರಂ 5 ಪಡೆದವನಿಗೆ ಗೊತ್ತಿರುವುದಿಲ್ಲ. ಸೇಠ್‌ಗೆ ಅದು ಗೊತ್ತು.

ಎಡಗಡೆ ಕಲಿತದ್ದು

ಹಿಂದೆ ಇದನ್ನು ಕಲಿಸುತ್ತಿದ್ದುದು ಉಸ್ತಾದ್, ಅಂದರೆ ಲಾರಿಯ ಡ್ರೈವರ್. ಹದಿನಾರು-ಹದಿನೆಂಟಕ್ಕೆ ಮನೆ ಬಿಟ್ಟ ಹುಡುಗ ಯಾವುದೋ ಲಾರಿಗೆ ಕ್ಲೀನರ್ ಆಗಿ ಸೇರುತ್ತಿದ್ದ. ಪಗಾರ ಹೆಸರಿಗೆ ಮಾತ್ರ, ಊಟ-ಚಹಾ ಉಸ್ತಾದ್ ಲೆಕ್ಕಕ್ಕೆ, ಬೈಗುಳ ಬೇಕಾದಷ್ಟು. ಗಾಡಿ ತೊಳೆಯುವುದು, ಗ್ಲಾಸ್ ಒರೆಸುವುದು, ಅನ್ನ ಬೇಯಿಸುವುದು ಮೊದಲ ಇಯತ್ತೆ. ಉಳಿದದ್ದು ರಸ್ತೆಯ ಮೇಲೆ.

ಧಾಬಾದ ಮುಂದೆ ಗಾಡಿ ನಿಂತ ಕೂಡಲೇ ಕ್ಲೀನರ್ ರಾಡು ಹಿಡಿದು ಇಳಿದು ಒಂದೊಂದೇ ಟೈರಿಗೆ ಬಡಿಯುತ್ತಾ ಸುತ್ತು ಹಾಕುತ್ತಾನೆ. ಹಿಂದಿನ ಚಕ್ರಗಳು ಜೋಡಿ ಜೋಡಿ; ಒಳಗಿನ ಟೈರು ಪಂಕ್ಚರ್ ಆದರೆ ಹೊರಗಿನದು ಭಾರ ಹೊತ್ತು ನಿಂತಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಗಾಳಿ ತುಂಬಿದ ಟೈರು ರಾಡನ್ನು ಪುಟಿಸಿ ಕಳಿಸುತ್ತದೆ. ಗಾಳಿ ಇಳಿದದ್ದು ದಬ್ ಎಂದು ಏಟನ್ನು ನುಂಗುತ್ತದೆ. ಆ ಸದ್ದಿನ ವ್ಯತ್ಯಾಸ ಕತ್ತಲಲ್ಲಿ, ನಿದ್ದೆಗಣ್ಣಲ್ಲಿ ತಿಳಿಯಬೇಕು. ತಿಳಿಯದಿದ್ದರೆ ಹೊರಗಿನ ಟೈರು ಎರಡರ ಭಾರ ಹೊತ್ತು ಕಾದು ಮುಂದೆಲ್ಲೋ ಒಡೆಯುತ್ತದೆ.

ತಾಡಪತ್ರಿಯದೂ ಹೀಗೇ. ಉದ್ದಿನ ಚೀಲ ತುಂಬಿದ ಲಾರಿಗೆ ಎರಡು ತಾಡಪತ್ರಿ ಬೇಕಾದರೆ ಹಿಂದಿನದನ್ನು ಮೊದಲು ಹಾಸಿ, ಮುಂದಿನದರ ಅಂಚನ್ನು ಅದರ ಮೇಲೆ ತರಬೇಕು. ಅದಲು-ಬದಲಾದರೆ ಓಡುವ ಗಾಡಿಯ ಗಾಳಿ ಸಂದಿಗೆ ನುಗ್ಗಿ ತಾಡಪತ್ರಿ ಎಬ್ಬಿಸುತ್ತದೆ, ಮಳೆ ಬಂದರೆ ಮೇಲಿನ ಚೀಲಗಳು ತೊಯ್ದು ಹೋಗುತ್ತವೆ. ತೊಯ್ದ ಚೀಲಕ್ಕೆ ಗಂಜ್‌ನ ವ್ಯಾಪಾರಿ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾನೆ. ಏರಿನಲ್ಲಿ ಗಾಡಿ ನಿಂತರೆ ಚಕ್ರಕ್ಕೆ ಕಟ್ಟಿಗೆ ತುಂಡು ಕೊಡುವುದು, ಸಂದಿಯಲ್ಲಿ ರಿವರ್ಸ್ ತೆಗೆಯುವಾಗ ಹಿಂದೆ ನಿಂತು ಬಾಡಿ ಬಡಿಯುತ್ತಾ “ಬರ್ಲಿ, ಬರ್ಲಿ, ಬಸ್!” ಎನ್ನುವುದು, ಯಾವ ಗೇರಿನಲ್ಲಿ ಘಾಟ್ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು, ಬ್ರೇಕ್ ಒತ್ತುತ್ತಲೇ ಇಳಿದರೆ ಡ್ರಮ್ ಕಾದು ಬ್ರೇಕ್ ಹಿಡಿಯುವುದಿಲ್ಲ ಎಂಬುದು — ಇವೆಲ್ಲ ಎಡಗಡೆ ಕೂತು ನೋಡಿದ್ದು.

ಕಾಗದಪತ್ರದ ಪಾಠವೂ ಅಲ್ಲೇ. ಸರಕಿನ ರಸೀದಿಯಾದ ಬಿಲ್ಟಿ ಎಲ್ಲಿಡಬೇಕು, ಚೆಕ್‌ಪೋಸ್ಟಿನಲ್ಲಿ ಏನು ತೋರಿಸಬೇಕು, ರಿಟರ್ನ್ ಲೋಡು ಯಾವ ಊರಲ್ಲಿ ಯಾರ ಹತ್ತಿರ ಸಿಗುತ್ತದೆ. 2018ರ ಏಪ್ರಿಲ್‌ನಿಂದ ಸರಕಿನ ಜೊತೆ ಇರಬೇಕಾದ ಈ-ವೇ ಬಿಲ್ ಬಂತು. ಈಗ ದಿನಕ್ಕೆ 200 ಕಿಲೋಮೀಟರ್ ಲೆಕ್ಕದಲ್ಲಿ ಅದರ ಅವಧಿ. ಗಾಡಿ ಕೆಟ್ಟು ಅವಧಿ ಮೀರುವ ಹಾಗಿದ್ದರೆ ಮುಗಿಯುವ ಎಂಟು ಗಂಟೆ ಮುಂಚೆಯಿಂದ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಿಕೊಳ್ಳಬೇಕು. ಇದು ಗೊತ್ತಿಲ್ಲದ ಡ್ರೈವರ್ ದಂಡ ತರುತ್ತಾನೆ.

ಮೂರ್ನಾಲ್ಕು ವರ್ಷ ಹೀಗೆ ಕಳೆದ ಮೇಲೆ, ರಾತ್ರಿ ಖಾಲಿ ಹೆದ್ದಾರಿಯಲ್ಲಿ ಉಸ್ತಾದ್ ಸ್ಟೇರಿಂಗ್ ಬಿಟ್ಟುಕೊಡುತ್ತಿದ್ದ. ಎಷ್ಟೋ ಸಲ ಲೈಸೆನ್ಸ್ ಬರುವ ಮೊದಲೇ. ಅದು ಕಾನೂನಿಗೆ ವಿರುದ್ಧ, ಅಪಾಯವೂ ಹೌದು. ಎಳೆಯ ಹುಡುಗರನ್ನು ಅಗ್ಗದ ಕೂಲಿಗೆ ದುಡಿಸಿಕೊಂಡದ್ದೂ ಸುಳ್ಳಲ್ಲ. ಈ ಪಾಠಶಾಲೆಯನ್ನು ಇದ್ದ ಹಾಗೇ ಹೊಗಳುವ ಅಗತ್ಯವಿಲ್ಲ. ಆದರೆ ಅಲ್ಲಿಂದ ಹೊರಬಂದವನಿಗೆ ಉಸ್ತಾದನ ಹೆಸರೇ ಸರ್ಟಿಫಿಕೇಟ್. ಸೇಠ್ ಕೇಳುವ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇರುತ್ತಿತ್ತು.

ಸೀಟು ಖಾಲಿಯಾದ ಬಗೆ

ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರ್ ಇರಬೇಕು, ಸೀಟಿನ ಹಿಂದೆ ಒಬ್ಬ ಮೈಚಾಚಿ ಮಲಗುವಷ್ಟು ಜಾಗ ಇರಬೇಕು ಎಂಬ ನಿಯಮ ದೇಶದಲ್ಲಿ ಬಹಳ ವರ್ಷ ಇತ್ತು. ರಸ್ತೆಯ ಮೇಲೆ ಎರಡನೇ ಡ್ರೈವರನ ಜಾಗದಲ್ಲಿ ಅನೇಕ ಕಡೆ ಕ್ಲೀನರನೇ ಕೂತಿರುತ್ತಿದ್ದ. ಅಂತೂ ಎರಡನೇ ಆಳಿಗೆ ಕಾಗದದಲ್ಲಿ ಒಂದು ಜಾಗವಿತ್ತು. 2018ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಬ್ಬರು ಚಾಲಕರ ಷರತ್ತನ್ನು ತೆಗೆದುಹಾಕಿತು. ಮಾಲೀಕರು ಅಷ್ಟರಲ್ಲಾಗಲೇ ಒಬ್ಬನ ಮೇಲೆ ಗಾಡಿ ಓಡಿಸತೊಡಗಿದ್ದರು. ಟ್ಯೂಬ್‌ಲೆಸ್ ಟೈರು, ಪವರ್ ಸ್ಟೇರಿಂಗ್, ಜಿಪಿಎಸ್, ಫಾಸ್ಟ್ಯಾಗ್ ಬಂದು ಎರಡನೇ ಆಳಿನ ಕೆಲಸ ಕಡಿಮೆಯಾಯಿತು. ಡೀಸೆಲ್ ಏರಿದಷ್ಟು ಬಾಡಿಗೆ ಏರಲಿಲ್ಲ, ಇಬ್ಬರ ಭತ್ತಾ ಭಾರವಾಯಿತು. ಇತ್ತ ಹುಡುಗರೂ ಬೈಗುಳ ತಿಂದು ಗಾಡಿ ತೊಳೆಯಲು ಒಲ್ಲೆ ಎಂದರು. ಅವರದೇನೂ ತಪ್ಪಿಲ್ಲ.

ಲಾರಿ ಮಾಲೀಕನನ್ನೂ ಬರಿದೇ ದೂರುವ ಹಾಗಿಲ್ಲ. ಈ ದೇಶದಲ್ಲಿ ಬಹುಪಾಲು ಮಾಲೀಕರು ಒಂದೆರಡು, ಹೆಚ್ಚೆಂದರೆ ಐದು ಗಾಡಿಯವರು. ಹತ್ತಾರು ಲಕ್ಷದ ಗಾಡಿ, ತಿಂಗಳು ತಿಂಗಳು ಕಂತು. ವಿಮೆಯ ಕಾನೂನು ಕೇಳುವುದು ಸರಿಯಾದ ಲೈಸೆನ್ಸನ್ನು, ಅನುಭವದ ವರ್ಷಗಳನ್ನಲ್ಲ. ಆದರೂ ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆಯನ್ನು ವಿಮೆ ತುಂಬಿಕೊಡುವುದಿಲ್ಲ. ಹೊಸಬನಿಗೆ ಕಲಿಸುವ ಖರ್ಚು ನನ್ನದು, ಕಲಿತ ಮೇಲೆ ಅವನು ಹೋಗುವುದು ಹೈದರಾಬಾದಿನ ದೊಡ್ಡ ಕಂಪನಿಗೆ ಎಂಬುದು ಅವನ ಲೆಕ್ಕ. ಎಲ್ಲರೂ ಹೀಗೇ ಲೆಕ್ಕ ಹಾಕಿದ್ದರಿಂದ ಕಲಿಸುವವರೇ ಇಲ್ಲವಾದರು.

ಈಗಿನ ಅಡ್ಡದಾರಿಗಳು

ಹಾಗಾದರೆ ಹೊಸಬ ಎಲ್ಲಿಂದ ಶುರು ಮಾಡುತ್ತಾನೆ? ಒಂದು ದಾರಿ ಪಿಕಪ್, ಛೋಟಾ ಹಾಥಿಯಂಥ ಸಣ್ಣ ಸರಕು ಗಾಡಿ. 7,500 ಕಿಲೋ ಮೀರದ ಸರಕು ವಾಹನಕ್ಕೆ ಲಘು ವಾಹನದ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಇನ್ನೊಂದು ದಾರಿ ಕಬ್ಬು. ಇಮಾಂಪುರದ ನಾರಂಜಾ, ಭಾಲ್ಕಿ ಸೀಮೆಯ ಮಹಾತ್ಮ ಗಾಂಧಿ ಸಹಕಾರಿ ಕಾರ್ಖಾನೆಗಳಂಥವು ನುರಿಸಲು ಶುರುಮಾಡಿದಾಗ ಟ್ರ್ಯಾಕ್ಟರ್‌ಗೆ, ಲಾರಿಗೆ ಆಳು ಸಾಲುವುದಿಲ್ಲ. ತೂಗಾಡುವ ಭಾರ ಅಂದರೇನು ಎಂದು ಹೊಸಬನಿಗೆ ತಿಳಿಯುವುದು ಅಲ್ಲಿ. ಮೂರನೆಯದು ಮುರುಂ, ಜಲ್ಲಿ ಸಾಗಿಸುವ ಟಿಪ್ಪರ್: ದೂರ ಕಡಿಮೆ, ರಿವರ್ಸ್ ಹೆಚ್ಚು. ಆದರೆ ಈ ಯಾವುದರ ಅನುಭವವನ್ನೂ ದೂರದ ಲೈನಿನ ಸೇಠ್ ಪೂರ್ತಿ ಒಪ್ಪುವುದಿಲ್ಲ.

ಸರ್ಕಾರಿ ಬಸ್ಸಿನ ಕನಸು ಎಲ್ಲರಿಗೂ ಇದೆ. ಅಲ್ಲೂ ಹೊಸಬನಿಗೆ ನೇರ ಪ್ರವೇಶವಿಲ್ಲ. ರಾಜ್ಯದ ಸಾರಿಗೆ ನಿಗಮಗಳು ಚಾಲಕ ಹುದ್ದೆಗೆ ಎಸ್ಸೆಸ್ಸೆಲ್ಸಿ, 24 ವರ್ಷ, 163 ಸೆಂಟಿಮೀಟರ್ ಎತ್ತರದ ಜೊತೆಗೆ ಹೆವಿ ಲೈಸೆನ್ಸ್ ಪಡೆದು ಎರಡು ವರ್ಷ ಆಗಿರಬೇಕೆಂದು ಕೇಳುತ್ತಾ ಬಂದಿವೆ. ಆ ಎರಡು ವರ್ಷ ಹೊಟ್ಟೆಗೇನು ಎಂಬುದನ್ನು ಅರ್ಜಿ ಕೇಳುವುದಿಲ್ಲ.

ಲೆಕ್ಕಕ್ಕೆ ಬರುವ ಸೀಟು

ಈ ಗೋಳು ನಮ್ಮದೊಂದೇ ಅಲ್ಲ. 2021ರಲ್ಲಿ ಬ್ರಿಟನ್ನಿನಲ್ಲಿ ಲಾರಿ ಡ್ರೈವರ್‌ಗಳಿಲ್ಲದೆ ಪೆಟ್ರೋಲ್ ಬಂಕುಗಳು ಬರಿದಾದಾಗ ಸರ್ಕಾರವೇ ಖರ್ಚು ಹಾಕಿ ತರಬೇತಿ ಶಿಬಿರ ನಡೆಸಿತು. ಅಮೆರಿಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 18ರಿಂದ 20 ವರ್ಷದವರು ರಾಜ್ಯದ ಗಡಿ ದಾಟಿ ಲಾರಿ ಓಡಿಸಲು 2022ರಲ್ಲಿ ಶುರುವಾದ ಪ್ರಾಯೋಗಿಕ ಯೋಜನೆಯಲ್ಲಿ ಮೊದಲು 120, ಆಮೇಲೆ 280, ಒಟ್ಟು 400 ಗಂಟೆಯ ಪರೀಕ್ಷಾವಧಿ ಇಟ್ಟಿತು. ಅಷ್ಟೂ ಹೊತ್ತು 26 ತುಂಬಿದ ಅನುಭವಿ ಚಾಲಕ ಪಕ್ಕದಲ್ಲಿ ಕೂತಿರಬೇಕಿತ್ತು. ನಮ್ಮ ಉಸ್ತಾದ್-ಕ್ಲೀನರ್ ಪದ್ಧತಿಯೇ ಅದು. ವ್ಯತ್ಯಾಸ ಇಷ್ಟೇ: ಅಲ್ಲಿ ಕಲಿಯುವವನಿಗೆ ಲೈಸೆನ್ಸ್ ಇತ್ತು, ಗಂಟೆಗಳಿಗೆ ಲೆಕ್ಕ ಇತ್ತು.

ನಮ್ಮಲ್ಲೂ ಹತಾರಗಳಿಗೆ ಬರವಿಲ್ಲ. 1961ರ ಶಿಕ್ಷಾರ್ಥಿ ಕಾಯ್ದೆ ಇದೆ. 2016ರ ರಾಷ್ಟ್ರೀಯ ಅಪ್ರೆಂಟಿಸ್ ಯೋಜನೆಯಲ್ಲಿ ಕಲಿಯುವವನ ಭತ್ಯೆಯ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ. ತೊಡಕು ಏನೆಂದರೆ, ನಾಲ್ಕಕ್ಕಿಂತ ಕಡಿಮೆ ಆಳಿರುವ ಉದ್ಯಮ ಅಪ್ರೆಂಟಿಸ್ ಇಟ್ಟುಕೊಳ್ಳುವ ಹಾಗಿಲ್ಲ. ದಿನಕ್ಕೆ ಎಂಟು ಗಂಟೆ ದುಡಿಮೆ ಎನ್ನುತ್ತಿದ್ದ, 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅನ್ವಯಿಸಲೂ ಐದು ಆಳು ಬೇಕಿತ್ತು. ಎರಡು ಗಾಡಿಯ ಮಾಲೀಕ ಎರಡರ ಲೆಕ್ಕಕ್ಕೂ ಸಿಕ್ಕವನಲ್ಲ. ಅವನ ಲಾರಿಯಲ್ಲೇ ದೇಶದ ಸರಕು ಓಡಾಡುತ್ತದೆ.

ಆದರೆ ಹಲವು ಮಾಲೀಕರು ಒಟ್ಟುಗೂಡಿ, ಶಿಕ್ಷಾರ್ಥಿಗಳನ್ನು ಒಬ್ಬರ ಕಡೆಯಿಂದ ಇನ್ನೊಬ್ಬರ ಕಡೆಗೆ ಕಳಿಸಿ ಕಲಿಸಲು ಅದೇ ಶಿಕ್ಷಾರ್ಥಿ ಕಾಯ್ದೆ ಅವಕಾಶ ಕೊಡುತ್ತದೆ. ಬೀದರ್, ಭಾಲ್ಕಿ, ಹುಮನಾಬಾದಿನ ಲಾರಿ ಮಾಲೀಕರು ಒಟ್ಟಾಗಿ ಕೇಳಬೇಕಾದದ್ದು ಇದನ್ನು. ಲೈಸೆನ್ಸ್ ಪಡೆದ ಹುಡುಗನಿಗೆ ಎಡಗಡೆ ಸೀಟಿನಲ್ಲಿ ಪಗಾರ ಸಮೇತ ಇಂತಿಷ್ಟು ಗಂಟೆ, ಕಲಿಸುವ ಉಸ್ತಾದನಿಗೆ ಒಂದಿಷ್ಟು ಹೆಚ್ಚುವರಿ ಭತ್ತಾ, ಗಂಟೆ ಮುಗಿದ ಮೇಲೆ ಸಂಘದ ಮೊಹರು ಬಿದ್ದ ಕಾಗದ. ಖರ್ಚು ಹತ್ತು ಮಾಲೀಕರಲ್ಲಿ ಹಂಚಿದರೆ ಯಾರಿಗೂ ಭಾರವಲ್ಲ. ಕಲಿತವನು ಒಬ್ಬರನ್ನು ಬಿಟ್ಟರೂ ಹತ್ತರಲ್ಲಿ ಇನ್ನೊಬ್ಬರ ಗಾಡಿ ಹತ್ತುತ್ತಾನೆ. ಈ ಖರ್ಚು ಹೊರುವವರು ಯಾರು ಎಂಬುದು ತೀರ್ಮಾನವಾಗುವ ತನಕ ಆರ್‌ಟಿಒ ಎಷ್ಟು ಲೈಸೆನ್ಸ್ ಕೊಟ್ಟರೂ ಚಾಲಕರ ಕೊರತೆ ನೀಗುವುದಿಲ್ಲ.