ಹಂಗಾಮಿನ ಮೊದಲ ಲೇಪ ಮೀನು

ಹಿಂಡಲಗಾ ಎಂದೊಡನೆ ಹೊರಗಿನವರಿಗೆ ನೆನಪಾಗುವುದು 1923ರಷ್ಟು ಹಿಂದಿನ ಅಲ್ಲಿನ ಕಾರಾಗೃಹ. ಬೆಳಗಾವಿಯವರಿಗೆ ಅಲ್ಲಿಯ ಗಣಪತಿ ಗುಡಿಯೂ ನೆನಪಾದೀತು. ಆದರೆ ಊರನ್ನು ಹಾಯ್ದು ಪಶ್ಚಿಮಕ್ಕೆ ಹೋಗುವ ರಸ್ತೆಯ ಹೆಸರನ್ನು ಮಕ್ಕಳು ಎಂದಾದರೂ ಗಮನಿಸಿದ್ದಾರೆಯೇ? ಅದು ವೆಂಗುರ್ಲಾ ರಸ್ತೆ. ರೈಲು ಬರುವುದಕ್ಕೆ ಮುಂಚೆ ಬೆಳಗಾವಿಗೆ ಹತ್ತಿರದ ದೊಡ್ಡ ಬಂದರು ಎಂದರೆ ವೆಂಗುರ್ಲಾ. ಕಡಲಿನ ಸರಕು ಎತ್ತಿನ ಗಾಡಿಗಳಲ್ಲಿ ಘಟ್ಟ ಹತ್ತಿ ಇದೇ ದಾರಿಯಾಗಿ ಬರುತ್ತಿತ್ತು. ಇಂದೂ ಸುಳಗಾ, ಬಾಚಿ, ಶಿನೋಳಿ ದಾಟಿ, ಆಂಬೋಲಿ ಘಟ್ಟ ಇಳಿದು, ಸಾವಂತವಾಡಿ ಮೂಲಕ ಸಾಗಿದರೆ ಕೆಲವೇ ತಾಸುಗಳಲ್ಲಿ ಅರಬ್ಬೀ ಸಮುದ್ರ ಕಾಣುತ್ತದೆ.

ಇಲ್ಲೊಂದು ಸೋಜಿಗವಿದೆ. ಕಡಲು ಇಷ್ಟು ಹತ್ತಿರವಿದ್ದರೂ ಹಿಂಡಲಗಾದಲ್ಲಿ ಬಿದ್ದ ಮಳೆಹನಿ ಅತ್ತ ಹೋಗುವುದಿಲ್ಲ. ಅದು ಮಾರ್ಕಂಡೇಯ ನದಿ ಸೇರಿ, ಘಟಪ್ರಭೆಯಲ್ಲಿ ಬೆರೆತು, ಕೃಷ್ಣೆಯ ಪಾಲಾಗಿ, ಇಡೀ ದಖ್ಖನ್ ಪ್ರಸ್ಥಭೂಮಿಯನ್ನು ದಾಟಿ ಬಂಗಾಳ ಕೊಲ್ಲಿ ಮುಟ್ಟುತ್ತದೆ. ಪಕ್ಕದ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಲಪ್ರಭೆಯೂ ಪೂರ್ವಕ್ಕೇ ಹರಿಯುತ್ತಾಳೆ. ಅದೇ ತಾಲೂಕಿನ ಮಹದಾಯಿ ಮಾತ್ರ ಪಶ್ಚಿಮಕ್ಕೆ ತಿರುಗಿ, ಗೋವೆಯಲ್ಲಿ ಮಾಂಡೋವಿಯಾಗಿ ಕಡಲು ಸೇರುತ್ತಾಳೆ. ಹೀಗೆ ನಮ್ಮ ನೀರು ಬಹುಮಟ್ಟಿಗೆ ಒಂದು ದಿಕ್ಕಿಗೆ, ನಮ್ಮ ಮೀನು ಇನ್ನೊಂದು ದಿಕ್ಕಿನಿಂದ! ಬೆಳಗಾವಿಯ ಪೇಟೆಗೆ ಕಡಲಮೀನು ಬರುವುದು ಘಟ್ಟದ ಕೆಳಗಿನಿಂದಲೇ.

ನೂಲ ಹುಣ್ಣಿಮೆಯ ನಂತರ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕಡಲು ಆಗ ಉಕ್ಕೇರಿರುತ್ತದೆ ಎಂಬುದು ಒಂದು ಕಾರಣ. ಹಲವು ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ ಅದು ಎಂಬುದು ಇನ್ನೊಂದು. ಶ್ರಾವಣದ ಹುಣ್ಣಿಮೆ ಬಂದಾಗ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುತ್ತಾರೆ. ನಮ್ಮಲ್ಲಿ ಅದು ನೂಲ ಹುಣ್ಣಿಮೆ, ಕೊಂಕಣದಲ್ಲಿ ನಾರಳಿ ಪೌರ್ಣಿಮೆ. ಅಲ್ಲಿಂದ ಹೊಸ ಹಂಗಾಮು.

ಹಿಂಡಲಗಾದ ಒಂದು ಮನೆಯವರು ಈ ಹಂಗಾಮಿನ ಮೊದಲ ಮೀನು ಹಿಡಿಯುವುದನ್ನು ನೋಡಲು ಒಂದು ಭಾನುವಾರ ವೆಂಗುರ್ಲಾದ ಕಡೆಗೆ ಹೊರಟಿದ್ದಾರೆ ಎಂದುಕೊಳ್ಳೋಣ. ಅಜ್ಜ, ಅಪ್ಪ, ಅವ್ವ, ಎಂಟನೆಯ ತರಗತಿಯ ಮಗಳು, ಐದನೆಯ ತರಗತಿಯ ಮಗ. ದಾರಿಯಲ್ಲಿ ಆಂಬೋಲಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು. ಬೆಳಗಾವಿಯಲ್ಲಿ ಅದರ ಐದನೆಯ ಒಂದು ಭಾಗದಷ್ಟೇ ಬೀಳುತ್ತದೆ. ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ, ತಂಪಾಗಿ, ಹೊತ್ತ ನೀರನ್ನೆಲ್ಲ ಅಲ್ಲಿಯೇ ಇಳಿಸಿ, ಉಳಿದದ್ದನ್ನು ನಮಗೆ ಕಳಿಸುತ್ತದೆ. ಪುಸ್ತಕದಲ್ಲಿ ಓದಿದ ‘ಮಳೆಯ ನೆರಳು’ ಇಲ್ಲಿ ಕಿಟಕಿಯ ಹೊರಗೇ ಕಾಣುತ್ತದೆ.

ದಂಡೆಯಲ್ಲಿ ಅವರು ನೋಡುವುದು ‘ರಾಪಣ’. ನಮ್ಮ ಕರಾವಳಿಯಲ್ಲಿ ಇದನ್ನೇ ರಂಪಣಿ ಎನ್ನುತ್ತಾರೆ, ಚಿಕ್ಕದಾದರೆ ಕೈರಂಪಣಿ. ದೋಣಿಯೊಂದು ದಂಡೆಯಿಂದ ಹೊರಟು, ನೀರಿನಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತ ಹೋಗಿ, ಸ್ವಲ್ಪ ದೂರದಲ್ಲಿ ಮತ್ತೆ ದಂಡೆಗೆ ಬರುತ್ತದೆ. ಬಲೆಯ ಎರಡೂ ತುದಿಯ ಹಗ್ಗಗಳನ್ನು ಎರಡು ಸಾಲು ಜನ ಹಿಡಿದು ಎಳೆಯುತ್ತಾರೆ. ಮೇಲಂಚಿಗೆ ತೇಲುವ ಬೆಂಡು, ಕೆಳಅಂಚಿಗೆ ಭಾರ. ಆದ್ದರಿಂದ ಬಲೆ ನೀರಿನಲ್ಲಿ ಗೋಡೆಯಂತೆ ನಿಂತು, ತಳವನ್ನು ಸವರುತ್ತ ಬರುತ್ತದೆ. ಹಗ್ಗಕ್ಕೆ ಕೈ ಹಚ್ಚಿದವರಿಗೂ ಒಂದು ಹಿಡಿ ಮೀನು ಕೊಡುವ ರೂಢಿ ಹಲವು ಕಡೆ ಉಂಟು.

ಬಲೆ ದಂಡೆಗೆ ಬಂದಾಗ ಬಂಗುಡೆ, ತಾರ್ಲೆಗಳ ಬೆಳ್ಳಿ ಹೊಳಪಿನ ನಡುವೆ ಎಲೆಯಂತಹ ಕಂದು ಮೀನುಗಳು ಕಾಣುತ್ತವೆ. ಇವೇ ಲೇಪ. ದಕ್ಷಿಣ ಕನ್ನಡ, ಉಡುಪಿಯ ಕಡೆ ಇದಕ್ಕೆ ನಂಗು ಎಂದು ಹೆಸರು. ಕೇರಳದಲ್ಲಿ ಮಾಂತಳ್. ಇದರ ಬಾಯಿ ಚಿಕ್ಕದು, ತಿನ್ನುವುದು ಕೆಸರಿನಲ್ಲಿರುವ ಹುಳು, ಸಣ್ಣ ಜೀವಿಗಳನ್ನು. ಹಾಗಾಗಿ ಗಾಳಕ್ಕಿಂತ ತಳ ಸವರುವ ಬಲೆಗೇ ಇದು ಹೆಚ್ಚಾಗಿ ಸಿಗುತ್ತದೆ.

“ಅಜ್ಜಾ, ಇದಕ್ಕ ಈ ಕಡೆ ಕಣ್ಣs ಇಲ್ಲ!” ಎಂದು ಮೀನನ್ನು ತಿರುಗಿಸಿ ನೋಡಿದ ಹುಡುಗ ಕೂಗಬಹುದು. ಅವನ ಕೂಗಿನಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ.

ದಾರಿ ಬದಲಿಸಿದ ಕಣ್ಣು

ಲೇಪದ ಎರಡು ಕಣ್ಣುಗಳೂ ಒಂದೇ ಬದಿಗಿವೆ. ಕಣ್ಣಿರುವ ಬದಿ ಕಂದು, ಇನ್ನೊಂದು ಬದಿ ಬಿಳಿ. ನಾವು ‘ಬೆನ್ನು’, ‘ಹೊಟ್ಟೆ’ ಎಂದುಕೊಳ್ಳುವುದು ನಿಜವಾಗಿ ಅದರ ಎಡ ಮತ್ತು ಬಲ ಪಕ್ಕೆಗಳು. ಅಂದರೆ ಈ ಮೀನು ಜೀವನವಿಡೀ ಮಗ್ಗುಲಾಗಿಯೇ ಮಲಗಿರುತ್ತದೆ.

ಹುಟ್ಟುವಾಗ ಹೀಗಿರುವುದಿಲ್ಲ. ಮೊಟ್ಟೆಯಿಂದ ಹೊರಬಂದ ಮರಿ ಎಲ್ಲ ಮೀನುಗಳಂತೆಯೇ ನೆಟ್ಟಗೆ ಈಜುತ್ತದೆ. ತಲೆಯ ಎರಡೂ ಬದಿಗೆ ಒಂದೊಂದು ಕಣ್ಣು. ಕೆಲವು ವಾರಗಳಲ್ಲಿ ತಲೆಬುರುಡೆ ತಿರುಚಿಕೊಳ್ಳತೊಡಗುತ್ತದೆ. ಒಂದು ಕಣ್ಣು ನಿಧಾನವಾಗಿ ನೆತ್ತಿಯ ಕಡೆಗೆ ಸರಿದು, ಇನ್ನೊಂದರ ಪಕ್ಕಕ್ಕೆ ಬಂದು ನೆಲೆಸುತ್ತದೆ. ಮರಿ ಒಂದು ಬದಿಗೆ ವಾಲುತ್ತ ಕೊನೆಗೆ ತಳ ಸೇರುತ್ತದೆ. ಈ ಬದಲಾವಣೆಯನ್ನು ನಡೆಸುವುದು ಥೈರಾಯ್ಡ್ ಗ್ರಂಥಿಯ ರಸ. ಗೊದ್ದಮೊಟ್ಟೆಯನ್ನು ಕಪ್ಪೆಯಾಗಿಸುವುದೂ ಅದೇ ರಸ. ಹಿಂಡಲಗಾದ ಹೊಂಡದಲ್ಲಿ ಗೊದ್ದಮೊಟ್ಟೆಯ ಬಾಲ ಕರಗುವುದನ್ನು ಕಂಡ ಮಕ್ಕಳಿಗೆ ಲೇಪದ ಕಣ್ಣಿನ ಪಯಣ ಅಷ್ಟೇನೂ ಪರಕೀಯವಲ್ಲ.

ಇದೇ ಕಣ್ಣು 19ನೆಯ ಶತಮಾನದಲ್ಲಿ ದೊಡ್ಡ ವಾದವೊಂದಕ್ಕೆ ಕಾರಣವಾಯಿತು. 1871ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಸೇಂಟ್ ಜಾರ್ಜ್ ಮಿವಾರ್ಟ್ ಅವರು ಚಾರ್ಲ್ಸ್ ಡಾರ್ವಿನ್ನರ ವಿಕಾಸವಾದಕ್ಕೆ ಒಂದು ಸವಾಲೆಸೆದರು. ಕಣ್ಣು ಪೂರ್ತಿ ಸರಿದರೆ ಉಪಯೋಗ ಸರಿಯೇ. ಆದರೆ ಅಷ್ಟಿಷ್ಟು ಸರಿದ ಕಣ್ಣಿನಿಂದ ಮೀನಿಗೆ ಏನು ಲಾಭ? ಲಾಭವಿಲ್ಲದ ಬದಲಾವಣೆ ತಲೆಮಾರಿನಿಂದ ತಲೆಮಾರಿಗೆ ಉಳಿಯುವುದು ಹೇಗೆ? 1872ರಲ್ಲಿ ಬಂದ ತಮ್ಮ ಗ್ರಂಥದ ಆರನೆಯ ಆವೃತ್ತಿಯಲ್ಲಿ ಡಾರ್ವಿನ್ ಉತ್ತರ ಕೊಟ್ಟರು. ಮಗ್ಗುಲಾಗಿ ಮಲಗಿದ ಮರಿ ಕೆಳಗಿನ ಕಣ್ಣನ್ನು ಮೇಲಕ್ಕೆ ತಿರುಗಿಸಲು ಹೆಣಗುವುದನ್ನು ನೋಡಿದವರ ಮಾತನ್ನು ಅವರು ಆಧಾರವಾಗಿ ಹೇಳಿದರು. ಆದರೆ ಅರ್ಧ ದಾರಿಯಲ್ಲಿ ಕಣ್ಣಿದ್ದ ಹಳೆಯ ಮೀನನ್ನು ತೋರಿಸಲು ಅವರ ಬಳಿ ಪಳೆಯುಳಿಕೆ ಇರಲಿಲ್ಲ.

ಉತ್ತರ ಪೂರ್ಣವಾದದ್ದು 2008ರಲ್ಲಿ. ಮ್ಯಾಟ್ ಫ್ರೀಡ್‌ಮನ್ ಎಂಬ ವಿಜ್ಞಾನಿ ಯುರೋಪಿನ ಸಂಗ್ರಹಾಲಯಗಳಲ್ಲಿದ್ದ, ಸುಮಾರು ಐದು ಕೋಟಿ ವರ್ಷ ಹಳೆಯ ಪಳೆಯುಳಿಕೆಗಳನ್ನು ಮತ್ತೆ ಪರೀಕ್ಷಿಸಿದರು. ಬೆಳೆದ ಮೀನುಗಳಲ್ಲಿಯೇ ಒಂದು ಕಣ್ಣು ನೆತ್ತಿಯತ್ತ ಸರಿದು, ಆದರೆ ಅದನ್ನು ದಾಟದೆ ನಿಂತದ್ದು ಕಂಡುಬಂತು. ಮಿವಾರ್ಟ್ ಅಸಾಧ್ಯವೆಂದ ಮೀನು ಒಂದು ಕಾಲಕ್ಕೆ ನಿಜವಾಗಿ ಬದುಕಿತ್ತು! ಒಂದು ಒಳ್ಳೆಯ ಪ್ರಶ್ನೆಗೆ ಉತ್ತರ ಸಿಗಲು 137 ವರ್ಷ ಬೇಕಾಯಿತು. ಪ್ರಶ್ನೆ ಕೇಳಿದವನು ಸೋತನೆಂದು ಯಾರೂ ತಿಳಿಯಬೇಕಾಗಿಲ್ಲ. ಅವನು ಕೇಳಿದ್ದರಿಂದಲೇ ಹುಡುಕಾಟ ನಡೆಯಿತು.

ಬಣ್ಣದ ಗುಟ್ಟು

ಚಪ್ಪಟೆ ಮೀನುಗಳಿಗೆ ಇನ್ನೊಂದು ವಿದ್ಯೆ ಗೊತ್ತು. ಮಲಗಿದ ನೆಲದ ಬಣ್ಣ ತಳೆಯುವುದು. ಚರ್ಮದಲ್ಲಿರುವ ವರ್ಣಕೋಶಗಳಲ್ಲಿ ಬಣ್ಣದ ಕಣಗಳು ಹರಡಿದರೆ ಮೈ ಕಪ್ಪಾಗುತ್ತದೆ, ಒಂದೆಡೆ ಕೂಡಿದರೆ ತಿಳಿಯಾಗುತ್ತದೆ. ನೆಲ ಹೇಗಿದೆ ಎಂದು ತಿಳಿಸುವುದು ಕಣ್ಣು. 1911ರಲ್ಲಿ ಫ್ರಾನ್ಸಿಸ್ ಸಮ್ನರ್ ಎಂಬ ವಿಜ್ಞಾನಿ ಇಂತಹ ಮೀನುಗಳನ್ನು ಚದುರಂಗದ ಹಾಸಿನಂತಹ ಕಪ್ಪು-ಬಿಳಿ ತಳದ ಮೇಲೆ ಬಿಟ್ಟು ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. 1996ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಮತ್ತು ಸಂಗಡಿಗರು, ಉಷ್ಣವಲಯದ ಒಂದು ಜಾತಿಯ ಚಪ್ಪಟೆ ಮೀನು ಕೆಲವೇ ಸೆಕೆಂಡುಗಳಲ್ಲಿ ತಳದ ವಿನ್ಯಾಸಕ್ಕೆ ಹೊಂದಿಕೊಳ್ಳುವುದನ್ನು ತೋರಿಸಿದರು.

ಮಳೆಗಾಲ ಮುಗಿಯುತ್ತ ಬಂದಾಗ ಈ ಮೀನು ದಂಡೆಯ ಹತ್ತಿರ ಹೆಚ್ಚಾಗಿ ಸಿಗುವುದೇಕೆ? ನೈರುತ್ಯ ಮಾರುತದ ಕಾಲದಲ್ಲಿ ನಮ್ಮ ಕರಾವಳಿಯ ಮೇಲ್ಪದರದ ನೀರು ದಂಡೆಯಿಂದ ದೂರ ಸರಿಯುತ್ತದೆ. ಆ ಜಾಗಕ್ಕೆ ಆಳದ ತಂಪು ನೀರು ಏರಿ ಬರುತ್ತದೆ. ಅದರಲ್ಲಿ ಸಸ್ಯಪ್ಲವಕಗಳಿಗೆ ಬೇಕಾದ ಲವಣಗಳು ಧಾರಾಳ, ಆದರೆ ಆಮ್ಲಜನಕ ಕಡಿಮೆ. ಉಸಿರಿಗೆ ತೊಡಕಾದ ತಳದ ಮೀನುಗಳು ದಂಡೆಯ ಕಡೆಗೆ ಸರಿಯುತ್ತವೆ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಕರಾವಳಿಯಲ್ಲಿ ಇದು ಪ್ರಬಲ, ಉತ್ತರಕ್ಕೆ ಬಂದಂತೆ ದುರ್ಬಲ. ನಂಗಿನ ದೊಡ್ಡ ಹಿಡಿತ ಕೊಂಕಣಕ್ಕಿಂತ ಕಲ್ಲಿಕೋಟೆ–ಮಂಗಳೂರಿನ ಕಡೆ ಇರುವುದಕ್ಕೆ ಇದೂ ಒಂದು ಕಾರಣ.

ನೀರಿಗಿಳಿಯುವ ಮುನ್ನ

ಇಲ್ಲಿ ಪಾಲಕರು ಸ್ವಲ್ಪ ನಿಂತು ಓದಬೇಕು. ಘಟ್ಟದ ಮೇಲಿನ ನಮಗೆ ಹೊಳೆ, ಕೆರೆ ಗೊತ್ತು, ಕಡಲು ಗೊತ್ತಿಲ್ಲ. 2017ರ ಏಪ್ರಿಲ್‌ನಲ್ಲಿ ಮಾಲವಣದ ವಾಯರಿ ತೀರದಲ್ಲಿ, ಬೆಳಗಾವಿಯಿಂದ ಪ್ರವಾಸ ಹೋಗಿದ್ದ ಇಂಜಿನಿಯರಿಂಗ್ ಕಾಲೇಜೊಂದರ ತಂಡದ ಎಂಟು ಮಂದಿ ನೀರುಪಾಲಾದರು. ಆ ದುಃಖವನ್ನು ಊರು ಮರೆತಿಲ್ಲ, ಮರೆಯಲೂ ಬಾರದು.

ಅಲೆಗಳು ದಂಡೆಗೆ ತಂದು ಸುರಿದ ನೀರು ಹಿಂದಿರುಗಲೇಬೇಕಲ್ಲ? ಹಲವು ಸಲ ಅದು ಕಿರಿದಾದ ಓಣಿಯೊಂದರಲ್ಲಿ ರಭಸವಾಗಿ ಕಡಲಿನತ್ತ ಹರಿಯುತ್ತದೆ. ಮೋಸವೆಂದರೆ, ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ಆದ್ದರಿಂದ ದಂಡೆಯಿಂದ ನೋಡಿದವರಿಗೆ ಅದೇ ಶಾಂತವಾದ ತಾಣವೆಂದು ತೋರುತ್ತದೆ! ಇಂತಹ ಸೆಳೆತಕ್ಕೆ ಸಿಕ್ಕವರು ದಂಡೆಯತ್ತ ನೇರವಾಗಿ ಈಜಲು ಹೋಗಿ ಸೋತು ಮುಳುಗುತ್ತಾರೆ. ಮಾಡಬೇಕಾದದ್ದು ಇಷ್ಟು: ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕೂಗಬೇಕು, ಈಜು ಬಂದರೆ ದಂಡೆಗೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಂಡೆಗೆ ತಿರುಗಬೇಕು. ಮುಳುಗುತ್ತಿರುವವರ ಹಿಂದೆ ಬರಿಗೈಯಲ್ಲಿ ಹಾರುವ ಬದಲು ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮೀನುಗಾರರು “ಇಂದು ಇಳಿಯಬೇಡಿ” ಎಂದರೆ ಇಳಿಯಲೇಬಾರದು. ಮಳೆಗಾಲ ಮುಗಿದ ಹೊಸತರಲ್ಲಿ ತಳದ ಮರಳಿನ ಗುಂಡಿ, ದಿಬ್ಬಗಳು ಹೋದ ವರ್ಷದಂತೆ ಇರುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಭರತ ಇಳಿತಗಳೂ ಹೆಚ್ಚು. ಇದಂತೂ ಹುಣ್ಣಿಮೆಯಿಂದ ಶುರುವಾಗುವ ಹಂಗಾಮು.

ಬಲೆಯಲ್ಲಿ ಇನ್ನೊಂದು ಚಪ್ಪಟೆ ಜೀವಿ ಇರಬಹುದು: ತೊರಕೆ. ಲೇಪ ಮಗ್ಗುಲಾಗಿ ಮಲಗಿದರೆ ತೊರಕೆ ಹೊಟ್ಟೆಯ ಮೇಲೆಯೇ ಮಲಗುತ್ತದೆ. ಅದರ ಕಣ್ಣುಗಳು ಎಡಬಲಕ್ಕೆ ಸರಿಸಮವಾಗಿವೆ, ಎಲುಬುಗಳು ಮೃದ್ವಸ್ಥಿಯವು, ಅದು ಶಾರ್ಕಿನ ಬಂಧು. ಹಲವು ತೊರಕೆಗಳ ಬಾಲದಲ್ಲಿ ವಿಷದ ಮುಳ್ಳಿದೆ. ಮಕ್ಕಳು ಅದನ್ನು ಮುಟ್ಟಬಾರದು. ಕಾಲಳತೆಯ ನೀರಿನಲ್ಲಿ ಹೆಜ್ಜೆ ಎತ್ತಿಡದೆ ಎಳೆಯುತ್ತ ನಡೆದರೆ ಅಡಿಯಲ್ಲಿದ್ದ ತೊರಕೆ ತಾನೇ ಸರಿದು ಹೋಗುತ್ತದೆ. ಚುಚ್ಚಿದರೆ ಗಾಯವನ್ನು ತಾಳಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಮುಳುಗಿಸಿ, ತಡಮಾಡದೆ ವೈದ್ಯರ ಬಳಿ ಒಯ್ಯಬೇಕು.

ಬಲೆಯಲ್ಲಿ ಬಿಟ್ಟುಬಿಡಬೇಕಾದ್ದು

ಬಲೆಯಲ್ಲಿ ಬೆರಳುದ್ದದ ಮರಿಗಳೂ ಬರುತ್ತವೆ. ಒಮ್ಮೆಯೂ ಮೊಟ್ಟೆಯಿಡದ ಮೀನನ್ನು ಹಿಡಿದರೆ ಮುಂದಿನ ಹಂಗಾಮಿನ ಬೀಜವನ್ನೇ ತಿಂದಂತೆ. ನಮ್ಮ ರೈತ ಎಷ್ಟೇ ಬರಗಾಲ ಬಂದರೂ ಬಿತ್ತನೆಯ ಕಾಳನ್ನು ಮುಟ್ಟುವುದಿಲ್ಲ. ಇದೇ ಕಾರಣಕ್ಕೆ ಕೇರಳ 2015ರಲ್ಲಿ, ಮಹಾರಾಷ್ಟ್ರ 2023ರಲ್ಲಿ ಹಲವು ಜಾತಿಯ ಮೀನುಗಳಿಗೆ ಕನಿಷ್ಠ ಉದ್ದವನ್ನು ನಿಗದಿಪಡಿಸಿದವು. ಅದಕ್ಕಿಂತ ಚಿಕ್ಕವನ್ನು ಹಿಡಿಯಬಾರದು. ಮಾರುಕಟ್ಟೆಯಲ್ಲಿ ಕೊಳ್ಳುವವರಿಗೂ ಇದರಲ್ಲಿ ಪಾಲುಂಟು. ಮರಿಗಳಿಗೆ ಗಿರಾಕಿ ಇಲ್ಲವಾದರೆ ಅವನ್ನು ಹಿಡಿದು ತರುವವರೂ ಕಡಿಮೆಯಾಗುತ್ತಾರೆ.

ಅಡುಗೆಮನೆಯೇ ಪ್ರಯೋಗಶಾಲೆ

ಘಟ್ಟ ಇಳಿಯಲು ಆಗದವರು ಬೇಸರಪಡಬೇಕಿಲ್ಲ. ಪೇಟೆಯಿಂದ ತಂದ ಒಂದು ಲೇಪ ಸಾಕು. ಸಿಪ್ಪೆಯಂತೆ ಅದರ ಚರ್ಮ ಸುಲಿದು, ರವೆ ಹಚ್ಚಿ ಕಾವಲಿಗೆ ಹಾಕುವ ಮೊದಲು ಹತ್ತು ನಿಮಿಷ ಮಕ್ಕಳ ಕೈಗೆ ಕೊಡಿ. ಮೀನು ತಿನ್ನದ ಮನೆಯವರು ಶಾಲೆಯ ಪ್ರಯೋಗಾಲಯದ ಗಾಜಿನ ಶೀಶೆಯಲ್ಲಿ ನೋಡಬಹುದು.

ಕಣ್ಣಿರುವ ಬದಿ ನಿಮ್ಮತ್ತ ಇರಲಿ, ಬೆನ್ನಿನ ಈಜುರೆಕ್ಕೆ ಮೇಲಿರಲಿ. ತಲೆ ನಿಮ್ಮ ಎಡಕ್ಕೆ ಬಂದರೆ ಅದು ಎಡಗಣ್ಣಿನ ಜಾತಿ, ಬಲಕ್ಕೆ ಬಂದರೆ ಬಲಗಣ್ಣಿನದು. ನಾಲಿಗೆಯಾಕಾರದ ನಮ್ಮ ಲೇಪ ಎಡಗಣ್ಣಿನದು. ಬೆನ್ನಿನ ರೆಕ್ಕೆ ಬಾಲದ ರೆಕ್ಕೆಯೊಡನೆ ಕೂಡಿರುವುದನ್ನು, ಎದೆಯ ಬಳಿ ರೆಕ್ಕೆಯೇ ಇಲ್ಲದಿರುವುದನ್ನು, ಬಾಯಿ ಸೊಟ್ಟಗಿರುವುದನ್ನು ಗಮನಿಸಿ ಬರೆದಿಡಿ. ಹೊಟ್ಟೆ ಸೀಳಿದಾಗ ಗಾಳಿಚೀಲ ಹುಡುಕಿ, ಸಿಗುವುದಿಲ್ಲ. ತಳದಲ್ಲಿ ಮಲಗುವವನಿಗೆ ತೇಲುವ ಚೀಲವೇಕೆ? ಬಂಗುಡೆಯಂತಹ ಇನ್ನೊಂದು ಮೀನನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಇನ್ನೂ ಒಳ್ಳೆಯದು.

ಪಟ್ಟಿ ಬರೆದ ಮೇಲೆ ಮಗ ಅಥವಾ ಮಗಳು ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆಯನ್ನು ಕೇಳಿದರೆ ಅವಸರದಲ್ಲಿ ಉತ್ತರ ಹೇಳಿ ಮುಗಿಸಬೇಡಿ. ಪಟ್ಟಿಯ ಕೊನೆಗೆ ಆ ಪ್ರಶ್ನೆಯನ್ನೂ ತಾರೀಖಿನೊಡನೆ ಬರೆಯಿಸಿ. ಮುಂದಿನ ನೂಲ ಹುಣ್ಣಿಮೆಯ ಹೊತ್ತಿಗೆ ಉತ್ತರವನ್ನು ಅವರೇ ಹುಡುಕಿರಬಹುದು.