ಬೇಡ ಎನ್ನಬಲ್ಲ ಹಕ್ಕಿ

ಕಾಕಟೀಲ್ ಗಿಳಿಯ ನೆತ್ತಿಯ ಮೇಲೊಂದು ಜುಟ್ಟಿದೆ. ಹಕ್ಕಿ ನಿರಾಳವಾಗಿದ್ದಾಗ ಅದು ಅರ್ಧ ಬಾಗಿ ಹಿಂದಕ್ಕೊರಗಿರುತ್ತದೆ, ತುದಿ ಮಾತ್ರ ಚೂರು ಮೇಲಕ್ಕೆ ಕೊಂಕಿರುತ್ತದೆ. ಎಲ್ಲೋ ಬಾಗಿಲು ಬಡಿದರೆ ಜುಟ್ಟು ನೆಟ್ಟಗೆ ನಿಲ್ಲುತ್ತದೆ. ಅಂಜಿಕೆಗೆ ಸಿಟ್ಟೂ ಸೇರಿಕೊಂಡರೆ ತಲೆಗೆ ಅಂಟಿಕೊಂಡು ಮಲಗಿಬಿಡುತ್ತದೆ, ಹಕ್ಕಿ ಬಾಯ್ತೆರೆದು ಬುಸ್ಸೆನ್ನುತ್ತದೆ. ಹೊಸ ಮನೆಗೆ ಬಂದ ಕಾಕಟೀಲ್ ಎಷ್ಟೋ ಸಲ ದಿನಗಟ್ಟಲೆ ಜುಟ್ಟು ಇಳಿಸುವುದೇ ಇಲ್ಲ. ಮೈಗರಿಗಳನ್ನೆಲ್ಲ ಬಿಗಿಹಿಡಿದು, ಇದ್ದುದಕ್ಕಿಂತ ಸಣ್ಣದಾಗಿ, ಪಂಜರದ ಮೂಲೆಯಲ್ಲಿ ಅಲುಗದೆ ಕೂತಿರುತ್ತದೆ. ನೋಡಲು ಬಂದವರು ‘ಪಾಪ, ಎಷ್ಟು ಸಾಧು!’ ಎಂದು ಮೆಚ್ಚಿ ಹೋಗುತ್ತಾರೆ. ಆ ಹಕ್ಕಿ ಮಾತ್ರ ತನ್ನ ಸುತ್ತ ಓಡಾಡುತ್ತಿರುವ ದೊಡ್ಡ ಪ್ರಾಣಿಗಳ ಕಣ್ಣಿಗೆ ಬೀಳದಿರಲು ಹೆಣಗುತ್ತಿರುತ್ತದೆ.

ಕಾಕಟೀಲ್‌ನ ತವರು ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು. ಅಲ್ಲಿ ಅದು ನೀರು, ಹುಲ್ಲಿನ ಬೀಜ ಹುಡುಕುತ್ತ ಹಿಂಡುಹಿಂಡಾಗಿ ಅಲೆಯುತ್ತದೆ, ಗಿಡುಗಗಳಿಗೆ ಆಹಾರವಾಗುತ್ತದೆ. ನಮ್ಮ ಅಂಗಡಿಗಳಿಗೆ ಬರುವವು ಪಂಜರದಲ್ಲೇ ಹುಟ್ಟಿ ಬೆಳೆದವು, ನಿಜ. ಆದರೆ ಅವುಗಳ ಸಾಕಣೆಗೆ ಇನ್ನೂ ಇನ್ನೂರು ವರ್ಷವೂ ತುಂಬಿಲ್ಲ. ಆ ಅವಧಿಯಲ್ಲೂ ಸಾಕುವವರು ಹೆಚ್ಚಾಗಿ ಗಮನವಿಟ್ಟದ್ದು ಗರಿಯ ಬಣ್ಣದ ಮೇಲೆ. ನಾಯಿಯ ಪೂರ್ವಜರು ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿ ಅವನ ಮುಖ ಓದಲು ಕಲಿತರು. ಗಿಳಿಗೆ ಆ ಬಳುವಳಿ ಇಲ್ಲ. ಬೆಂಗಳೂರಿನ ಫ್ಲಾಟಿನ ಕಿಟಕಿಯಾಚೆ ಹದ್ದೊಂದು ಸುತ್ತು ಹಾಕಿದರೆ ಅದು ಹೆಪ್ಪುಗಟ್ಟಿ ಕೂರುತ್ತದೆ. ತಿರುಗುವ ಸೀಲಿಂಗ್ ಫ್ಯಾನು, ಕುಕ್ಕರಿನ ಸಿಳ್ಳೆ, ಮೇಲಿನಿಂದ ಇಳಿದು ಬರುವ ಕೈ, ಇವುಗಳಲ್ಲಿ ಯಾವುದು ನಿರಪಾಯಕಾರಿ ಎಂದು ಅದಕ್ಕೆ ಹೇಳಿಕೊಟ್ಟವರಾರು?

ದತ್ತು ಬರುವ ಹಕ್ಕಿಗೆ ಇನ್ನೊಂದು ಹೊರೆಯೂ ಇರುತ್ತದೆ. ಕಾಕಟೀಲ್ ಚೆನ್ನಾಗಿ ನೋಡಿಕೊಂಡರೆ ಹದಿನೈದಿಪ್ಪತ್ತು ವರ್ಷ ಬದುಕುತ್ತದೆ. ಮಕ್ಕಳ ಆಸೆಗೆ ತಂದ ಹಕ್ಕಿ ಆ ಮಕ್ಕಳು ಹಾಸ್ಟೆಲ್ ಸೇರಿದ ಮೇಲೂ ಇರುತ್ತದೆ; ಮನೆಯವರಿಗೆ ವರ್ಗವಾಗಿ, ಮದುವೆಯಾಗಿ, ಅಲರ್ಜಿ ಬಂದು ಕೈ ಬದಲಾಗುತ್ತದೆ. ಹಳೆಯ ಮನೆಯಲ್ಲಿ ಯಾರ ಕೈ ಏನು ಮಾಡಿತ್ತು ಎಂಬ ನೆನಪೂ ಪಂಜರದ ಜೊತೆ ಬರುತ್ತದೆ.

ಯಾವ ಗಿಳಿಯನ್ನು ಸಾಕಬಹುದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ತೋಟಗಳಿಗೆ ದಾಳಿಯಿಡುವ, ಕೊರಳಲ್ಲಿ ಗುಲಾಬಿ ಪಟ್ಟಿಯ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮರದಡಿ ಕೂತು ಭವಿಷ್ಯದ ಚೀಟಿ ಎತ್ತಿಸುವವರ ಗಿಣಿಗೂ ಇದೇ ಕಾನೂನು. ಆಫ್ರಿಕನ್ ಗ್ರೇ, ಮಕಾವ್, ಕೊನ್ಯೂರ್‌ಗಳಂಥ ವಿದೇಶಿ ಗಿಳಿಗಳನ್ನು 2024ರ ನಿಯಮಗಳಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ದತ್ತು ಪಡೆಯುವವರು ಆ ಕಾಗದ ಕೇಳಿ ಪಡೆಯಬೇಕು. ಕಾಕಟೀಲ್ ಮತ್ತು ಬಜರಿಗರ್‌ಗಳು ಆ ನಿಯಮಗಳು ಆಧರಿಸಿದ ಅಂತರರಾಷ್ಟ್ರೀಯ ಪಟ್ಟಿಯಿಂದ ಹೊರಗಿವೆ.

ಇನ್ನು ಪಳಗಿಸುವ ಮಾತು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಧಾನ ಸರಳ: ಟವೆಲ್ ಹಾಕಿ ಹಿಡಿ, ಎದೆಗೊತ್ತಿಕೋ, ಒದ್ದಾಟ ನಿಲ್ಲುವವರೆಗೂ ಬಿಡಬೇಡ. ಅಂಗಡಿಯವರೂ ಇದನ್ನೇ ಹೇಳಿಕೊಡುತ್ತಾರೆ. ಕೆಲವು ದಿನ ಹೀಗೆ ಮಾಡಿದರೆ ಹಕ್ಕಿ ನಿಜಕ್ಕೂ ಸುಮ್ಮನಾಗುತ್ತದೆ. ಪ್ರಶ್ನೆ ಇರುವುದು ಆ ಸುಮ್ಮನಿರುವಿಕೆ ಏನು ಎಂಬುದರಲ್ಲಿ.

1967ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಸೆಲಿಗ್ಮನ್, ಸ್ಟೀವನ್ ಮೇಯರ್ ಮತ್ತು ಸಂಗಡಿಗರು ನಾಯಿಗಳ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಇಂದು ಓದಿದರೆ ಹೊಟ್ಟೆ ಹಿಂಡುವಂಥವು. ತಾವು ಏನು ಮಾಡಿದರೂ ನಿಲ್ಲದ ವಿದ್ಯುತ್ ಆಘಾತ ಉಂಡಿದ್ದ ನಾಯಿಗಳು, ಆಮೇಲೆ ಸಣ್ಣ ಅಡ್ಡಗೋಡೆ ದಾಟಿದರೆ ತಪ್ಪಿಸಿಕೊಳ್ಳಬಹುದಾದ ಜಾಗದಲ್ಲೂ ಬಹುಪಾಲು ಅಲ್ಲೇ ಮಲಗಿ ನರಳಿದವು. ಅಸಹಾಯಕತೆಯನ್ನು ಪ್ರಾಣಿ ಕಲಿಯುತ್ತದೆ ಎಂದು ಆಗ ಅವರು ವಿವರಿಸಿದರು. ಅದೇ ಇಬ್ಬರು 2016ರಲ್ಲಿ, ಅಷ್ಟರೊಳಗೆ ಇಲಿಗಳ ಮಿದುಳಿನ ಮೇಲೆ ನಡೆದ ಕೆಲಸವನ್ನೆಲ್ಲ ಒಟ್ಟುಗೂಡಿಸಿ, ತಮ್ಮ ಮಾತನ್ನು ತಾವೇ ತಿರುಗಿಸಿ ಹಾಕಿದರು: ದೀರ್ಘ ಸಂಕಟದಲ್ಲಿ ಕೈಚೆಲ್ಲಿ ಕೂರುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಅದನ್ನು ಕಲಿಯಬೇಕಿಲ್ಲ. ಕಲಿಯಬೇಕಾದದ್ದು ‘ಇದು ನನ್ನ ಹತೋಟಿಯಲ್ಲಿದೆ’ ಎಂಬುದನ್ನು. ಇಲಿಯ ಮಿದುಳಿನ ರಚನೆಯನ್ನು ಹಾಗೆಯೇ ಗಿಳಿಗೆ ಹೊಂದಿಸಲಾಗದು, ಸರಿ. ಆದರೂ ಟವೆಲ್ಲಿನೊಳಗೆ ಒದ್ದಾಟ ನಿಲ್ಲಿಸಿದ ಹಕ್ಕಿಯನ್ನು ಪಳಗಿದೆ ಎನ್ನುವ ಮೊದಲು ಇದನ್ನು ನೆನೆಯಬೇಕು. ಅದು ಒಪ್ಪಿಕೊಂಡಿಲ್ಲ, ಬಿಟ್ಟುಕೊಟ್ಟಿದೆ. ನನಗಂತೂ ಎದೆಯ ಮೇಲೆ ಅಂಗಾತ ಮಲಗಿಸಿಕೊಂಡ ಗಿಳಿಗಳ ರೀಲ್ಸ್ ನೋಡುವಾಗಲೆಲ್ಲ ಮೊದಲು ಆ ಹಕ್ಕಿಯ ಗರಿ ಬಿಗಿದಿದೆಯೇ ಸಡಿಲವಾಗಿದೆಯೇ ಎಂದು ಹುಡುಕುವ ಚಟ ಅಂಟಿಕೊಂಡಿದೆ.

ಬೇರೆ ದಾರಿ ಒಂದು ಶತಮಾನದ ಹಿಂದೆಯೇ ಸಿಕ್ಕಿತ್ತು, ಅದೂ ಮನುಷ್ಯರ ಮಗುವೊಂದರಿಂದ. 1924ರಲ್ಲಿ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಪೀಟರ್ ಎಂಬ ಪುಟ್ಟ ಹುಡುಗನ ಕಥೆ ಪ್ರಕಟಿಸಿದರು. ಮೂರು ವರ್ಷ ತುಂಬದ ಅವನಿಗೆ ಮೊಲ ಕಂಡರೆ ಭಯ. ತುಪ್ಪಳದ ಕೋಟು, ಹತ್ತಿ, ಕೊನೆಗೆ ಗರಿ ಕಂಡರೂ ಭಯ. ಮೊಲ ಪಂಜರದಲ್ಲಿದ್ದರೂ ಅದು ಕೋಣೆಯಲ್ಲಿದೆ ಎಂದರೆ ಸಾಕಿತ್ತು. ಜೋನ್ಸ್ ಅವನನ್ನು ಕುರ್ಚಿಯಲ್ಲಿ ಕೂರಿಸಿ ಇಷ್ಟದ ತಿಂಡಿ ಕೊಟ್ಟರು. ಅವನು ತಿನ್ನುವುದನ್ನು ನಿಲ್ಲಿಸದಷ್ಟು ದೂರದಲ್ಲಿ ಮೊಲದ ಪಂಜರ ಇಡಿಸಿದರು, ಮತ್ತೆ ಮತ್ತೆ, ಪ್ರತಿ ಸಲ ತುಸು ಹತ್ತಿರ. ಅವರ ಪಟ್ಟಿಯಲ್ಲಿ ಮೊಲ 12 ಅಡಿಯಿಂದ 4 ಅಡಿಗೆ, 3 ಅಡಿಗೆ, ಪಕ್ಕಕ್ಕೆ ಬರುತ್ತದೆ. ಕೊನೆಯ ಹಂತದಲ್ಲಿ ಪೀಟರ್ ತನ್ನ ಬೆರಳನ್ನು ಮೊಲ ಮೆಲ್ಲಲು ಬಿಡುತ್ತಾನೆ.

ಇಲ್ಲಿ ಮೊಲದ ಜಾಗದಲ್ಲಿ ನಿಮ್ಮನ್ನು ಇಟ್ಟುಕೊಳ್ಳಿ, ಪೀಟರ್‌ನ ಜಾಗದಲ್ಲಿ ಗಿಳಿಯನ್ನು. ಜೋನ್ಸ್ ಬಳಸಿದ ಅಳತೆಗೋಲು ಇಲ್ಲೂ ನಡೆಯುತ್ತದೆ: ತಿನ್ನುತ್ತಿದೆಯೇ ಇಲ್ಲವೇ. ಹೆದರಿದ ಹಕ್ಕಿಯ ರಕ್ತದಲ್ಲಿ ಕಾರ್ಟಿಕೋಸ್ಟೆರೋನ್ ಎಂಬ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಏರುತ್ತದೆ, ಮೈ ಪಲಾಯನಕ್ಕೆ ಸಜ್ಜಾಗುತ್ತದೆ, ಊಟ ಹಿಂದೆ ಸರಿಯುತ್ತದೆ. ಹಾಗಾಗಿ ಮೊದಲ ದಿನಗಳ ಕೆಲಸ ಇಷ್ಟೇ: ಪಂಜರದ ಒಂದು ಬದಿ ಗೋಡೆಗೆ ತಾಗುವಂತೆ, ಎದೆಯೆತ್ತರದಲ್ಲಿ ಇಟ್ಟು, ಅದು ನಿಶ್ಚಿಂತೆಯಿಂದ ಕಾಳು ಒಡೆಯುವಷ್ಟು ದೂರದಲ್ಲಿ ಕೂತು ನಿಮ್ಮ ಪಾಡಿಗೆ ನೀವು ಪೇಪರ್ ಓದುವುದು. ಬೇಕಾದರೆ ಗಟ್ಟಿಯಾಗಿ ಓದಿ, ದನಿಯೂ ರೂಢಿಯಾಗಲಿ. ನೇರವಾಗಿ ದಿಟ್ಟಿಸಬೇಡಿ. ಇದು ಬರಿಯ ಅಜ್ಜಿ ಮಾತಲ್ಲ: 2008ರಲ್ಲಿ ಬ್ರಿಸ್ಟಲ್‌ನ ವಿಜ್ಞಾನಿಗಳು ಸ್ಟಾರ್ಲಿಂಗ್ ಹಕ್ಕಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಮನುಷ್ಯ ತಟ್ಟೆಯತ್ತ ಕಣ್ಣು ನೆಟ್ಟಿದ್ದಾಗ ಅವು ತಿನ್ನಲು ಬರಲು ಹಿಂಜರಿದವು, ಕಣ್ಣು ಬೇರೆಡೆ ಇದ್ದಾಗ ಬೇಗ ಬಂದವು. ಎರಡೂ ಕಣ್ಣು ಮುಂದಕ್ಕಿರುವ ಮುಖ ಬೇಟೆಗಾರನ ಮುಖ. ತಲೆಯ ಬದಿಗಳಲ್ಲಿ ಕಣ್ಣಿರುವ ಗಿಳಿ ನಿಮ್ಮನ್ನು ಒಂದೇ ಕಣ್ಣಿನಿಂದ ಓರೆಯಾಗಿ ಅಳೆಯುತ್ತದೆ. ನೀವೂ ಓರೆಯಾಗಿ ಕೂತರೆ ಚೆನ್ನ.

ಆಮೇಲೆ ಬರುವುದು ನವಣೆ. ಹಕ್ಕಿ ಸಾಕುವವರು ದುಬಾರಿ ಬೆಲೆ ಕೊಟ್ಟು ತರಿಸುವ ‘ಮಿಲೆಟ್ ಸ್ಪ್ರೇ’ ಎಂಬುದು ನಮ್ಮ ನವಣೆಯ ಒಣ ತೆನೆಯೇ. ಬಳ್ಳಾರಿ, ಕೊಪ್ಪಳದ ಕಡೆ ನೆಂಟರಿದ್ದರೆ, ಔಷಧಿ ಹೊಡೆಯದ ತೆನೆ ಒಂದು ಕಟ್ಟು ತರಿಸಿಕೊಳ್ಳಿ. ಗೇಣುದ್ದದ ತೆನೆಯ ಅನುಕೂಲವೆಂದರೆ ನಿಮ್ಮ ಬೆರಳಿಗೂ ಕೊಕ್ಕಿಗೂ ನಡುವೆ ಅಷ್ಟು ದೂರ ಉಳಿಯುತ್ತದೆ. ಕಂಬಿಗಳ ನಡುವೆ ತುದಿ ತೂರಿಸಿ ಹಿಡಿದು ಕಾಯಿರಿ. ಹಕ್ಕಿ ಮೊದಲು ಕತ್ತನ್ನಷ್ಟೇ ಚಾಚುತ್ತದೆ. ಎರಡು ಬೆರಳು ಮುಂದೆ, ಎರಡು ಹಿಂದೆ ಇರುವ ಪಾದ ಅಡ್ಡಗೋಲನ್ನು ಬಿಗಿಹಿಡಿದಿರುತ್ತದೆ, ಮೈಭಾರವೆಲ್ಲ ಹಿಂದಕ್ಕೆ. ತುತ್ತತುದಿಯ ಒಂದು ಕಾಳು ಕಿತ್ತು ತಟ್ಟನೆ ಹಿಂದೆ ಸರಿಯುತ್ತದೆ. ದಪ್ಪ ನಾಲಿಗೆಯಿಂದ ಕಾಳನ್ನು ಕೊಕ್ಕಿನ ಅಂಚಿಗೆ ಹೊರಳಿಸಿ ಸಿಪ್ಪೆ ಉದುರಿಸುತ್ತದೆ, ಒಂದು ಕಣ್ಣು ಇನ್ನೂ ನಿಮ್ಮ ಮೇಲೆ. ಮತ್ತೆ ಬರುತ್ತದೆ. ಕತ್ತಿನ ಬದಲು ಒಂದು ಕಾಲು ಮುಂದೆ ಬಂದ ದಿನ, ಸಂಗತಿ ಬದಲಾಗಿದೆ ಎಂದು ತಿಳಿಯಿರಿ. ಆಸೆಗೆ ಬಿದ್ದು ಅಂದೇ ಕೈಯನ್ನು ಇನ್ನೊಂದು ಗೇಣು ಒಳಗೆ ತೂರಿಸುವುದೇ ಬಹುತೇಕರು ಕೆಡಿಸಿಕೊಳ್ಳುವ ಘಟ್ಟ.

ತಿಂಡಿಗಾಗಿ ಹಕ್ಕಿಯನ್ನು ಉಪವಾಸ ಕೆಡವುವವರೂ ಇದ್ದಾರೆ. ಇಷ್ಟು ಸಣ್ಣ ಮೈಯಲ್ಲಿ ಕೂಡಿಟ್ಟ ಶಕ್ತಿ ಬಹಳ ಹೊತ್ತು ಬಾಳುವುದಿಲ್ಲ. ಉಪವಾಸ ಬೇಡವೇ ಬೇಡ. ಹೆದರಿದ ಪ್ರಾಣಿಗೆ ತಿಂಡಿಗಿಂತ ಪ್ರಿಯವಾದ ಬಹುಮಾನ ಇನ್ನೊಂದಿದೆ: ನೀವು ದೂರ ಹೋಗುವುದು. ಉತ್ತರ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಜೀಸಸ್ ರೊಸಾಲೆಸ್-ರೂಯಿಸ್ ಮತ್ತು ಕೆಲ್ಲಿ ಸ್ನೈಡರ್ ಎರಗುವ ನಾಯಿಗಳ ಜೊತೆ ಈ ಉಪಾಯ ಬೆಳೆಸಿದರು, ಹಕ್ಕಿ ಪಳಗಿಸುವವರೂ ಬಳಸುತ್ತಾರೆ. ಪಂಜರದ ಕಡೆ ಎರಡು ಹೆಜ್ಜೆ ಬನ್ನಿ, ಜುಟ್ಟು ಏರುವ ಮುನ್ನವೇ ನಿಲ್ಲಿ. ಹಕ್ಕಿ ಗರಿ ಸಡಿಲಿಸಿತೋ, ಮೈ ಕೊಡವಿತೋ, ಕೊಕ್ಕಿನಿಂದ ಗರಿ ತೀಡಿಕೊಂಡಿತೋ, ಕೂಡಲೇ ತಿರುಗಿ ಹೊರಟುಬಿಡಿ. ಮೊದಲು ಚೀರಿದರೆ, ಕಚ್ಚಿದರೆ ಮಾತ್ರ ಈ ದೈತ್ಯ ಹೋಗುತ್ತಿದ್ದ. ಈಗ ಶಾಂತವಾಗಿ ಕೂತರೂ ಹೋಗುತ್ತಾನೆ. ಹೋಗೆಂದರೆ ಹೋಗುವ ದೈತ್ಯನನ್ನು ಕಂಡು ಹೆದರುವುದೇಕೆ? ಆಶ್ಚರ್ಯವೆನಿಸಿದರೂ, ದೂರ ಹೋಗುತ್ತ ಹೋಗುತ್ತಲೇ ಹತ್ತಿರದ ಹಾದಿ ತೆರೆಯುತ್ತದೆ.

ಕಚ್ಚುವುದನ್ನೂ ಹೀಗೇ ನೋಡಬೇಕು. ಕಚ್ಚುವ ಮುನ್ನ ಹಕ್ಕಿ ಹೇಳಬೇಕಾದ್ದನ್ನೆಲ್ಲ ಹೇಳಿರುತ್ತದೆ: ಜುಟ್ಟು ಮಲಗಿಸಿತ್ತು, ಬುಸ್ಸೆಂದಿತ್ತು, ಹಿಂದಕ್ಕೆ ವಾಲಿತ್ತು. ಅಷ್ಟಕ್ಕೂ ಕೈ ಬರುತ್ತಲೇ ಇದ್ದರೆ ಉಳಿದದ್ದು ಕೊಕ್ಕು. ‘ಕಚ್ಚಿದರೂ ಕೈ ತೆಗೆಯಬೇಡಿ, ತೆಗೆದರೆ ಅದಕ್ಕೆ ಸಲುಗೆ ಕೊಟ್ಟಂತೆ’ ಎಂಬ ಸಲಹೆ ಗಿಳಿ ಸಾಕುವವರಲ್ಲಿ ಬಹಳ ಜನಪ್ರಿಯ. ಹಾಗೆ ಮಾಡಿದರೆ ಮೆಲುದನಿಯ ಎಚ್ಚರಿಕೆಗಳೆಲ್ಲ ವ್ಯರ್ಥ ಎಂಬುದನ್ನು ಹಕ್ಕಿ ಕಲಿತು, ಮುಂದಿನ ಸಲ ನೇರ ಕಚ್ಚುವುದಕ್ಕೇ ಬರುತ್ತದೆ. ಗಿಳಿಗಳ ವರ್ತನೆಯ ಬಗ್ಗೆ ಬರೆದಿರುವ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಸೂಸನ್ ಫ್ರೀಡ್‌ಮನ್ ಒತ್ತಿ ಹೇಳುತ್ತ ಬಂದಿರುವುದೂ ಇದನ್ನೇ: ಹಕ್ಕಿಗೆ ಆಯ್ಕೆ ಇರಲಿ. ‘ಸ್ಟೆಪ್ ಅಪ್’ ಎಂದು ಬೆರಳು ಚಾಚಿದಾಗ ಅದು ಮುಖ ತಿರುಗಿಸಿದರೆ ಬೆರಳು ಹಿಂದಕ್ಕೆ ಬರಬೇಕು, ಆಮೇಲೆ ಇನ್ನೊಮ್ಮೆ ಕೇಳಬಹುದು.

ಜಗತ್ತಿನ ಅತಿ ಪ್ರಸಿದ್ಧ ಗಿಳಿಗೆ ಈ ಹಕ್ಕು ಮಾತಿನಲ್ಲೇ ಇತ್ತು. 1977ರಲ್ಲಿ ಐರೀನ್ ಪೆಪ್ಪರ್‌ಬರ್ಗ್ ಶಿಕಾಗೋದ ಅಂಗಡಿಯೊಂದರಲ್ಲಿ, ತಾವು ಆರಿಸದೆ ಅಂಗಡಿಯವರ ಕೈಯಲ್ಲೇ ಎತ್ತಿಸಿ, ಆಫ್ರಿಕನ್ ಗ್ರೇ ಗಿಳಿಯೊಂದನ್ನು ಕೊಂಡರು. ಅಲೆಕ್ಸ್ ಎಂಬ ಆ ಹಕ್ಕಿ 2007ರಲ್ಲಿ ಸಾಯುವ ಹೊತ್ತಿಗೆ ಬಣ್ಣ, ಆಕಾರ, ವಸ್ತುಗಳ ನೂರಕ್ಕೂ ಹೆಚ್ಚು ಹೆಸರುಗಳನ್ನು ಕಲಿತಿತ್ತು. ಅದು ಎಣಿಸುತ್ತಿತ್ತು ಎಂದು ಎಲ್ಲರೂ ಬೆರಗಾಗುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು, ಬೇಡದ ವಸ್ತು ಕೊಟ್ಟರೆ, ಮುಟ್ಟಬಂದರೆ ಅದು ‘ನೋ’ ಎನ್ನುತ್ತಿದ್ದದ್ದು. ಪಾಠ ಸಾಕಾದಾಗ ವಾಪಸ್ ಹೋಗಬೇಕು ಎಂದು ಕೇಳುತ್ತಿದ್ದದ್ದು. ಮೂವತ್ತು ವರ್ಷದ ಸಂಶೋಧನೆ ಇಂಥ ಹಟಮಾರಿ ಶಿಷ್ಯನ ಜೊತೆ ನಡೆಯಿತು.

ನಂಬಿಕೆ ಬಂದ ಮೇಲೂ ಹಿನ್ನಡೆ ಆಗುತ್ತದೆ. ಪೀಟರ್‌ನ ಕಥೆಯಲ್ಲೂ ಆಗಿತ್ತು: ಚೇತರಿಕೆಯ ನಡುವೆ ಅವನಿಗೆ ಜ್ವರ ಬಂದು ಆಸ್ಪತ್ರೆ ಸೇರಿದ, ಹೊರಬರುವಾಗ ದೊಡ್ಡ ನಾಯಿಯೊಂದು ಮೇಲೆರಗಿ ಹಳೆಯ ಭಯವೆಲ್ಲ ಮರಳಿತು. ತಿಂಡಿಯ ಉಪಾಯವನ್ನು ಜೋನ್ಸ್ ಶುರು ಮಾಡಿದ್ದೇ ಅದಾದ ಮೇಲೆ. ನಮ್ಮಲ್ಲಿ ಆ ನಾಯಿಯ ಕೆಲಸವನ್ನು ದೀಪಾವಳಿ ಮಾಡುತ್ತದೆ. ಪಟಾಕಿಯ ರಾತ್ರಿ ಪಂಜರವನ್ನು ಒಳಕೋಣೆಗೆ ಸರಿಸಿ, ಕಿಟಕಿ ಮುಚ್ಚಿ, ಸಣ್ಣದೊಂದು ದೀಪ ಉರಿಯಲು ಬಿಡಿ. ಕತ್ತಲಲ್ಲಿ ಬೆದರಿ ರೆಕ್ಕೆ ಬಡಿದುಕೊಂಡು ಗಾಯ ಮಾಡಿಕೊಳ್ಳುವ ಸ್ವಭಾವ ಕಾಕಟೀಲ್‌ಗಳಿಗೆ ವಿಶೇಷವಾಗಿ ಇದೆ. ಮರುದಿನ ಅದು ಕೈಗೆ ಬರದಿದ್ದರೆ ಮತ್ತೆ ತೆನೆಯ ತುದಿಯಿಂದ ಶುರು ಮಾಡಿ. ಅಡುಗೆಮನೆಯ ಹತ್ತಿರ ಮಾತ್ರ ಯಾವತ್ತೂ ಬೇಡ. ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು.

ಅತಿ ನಂಬಿಕೆಯ ತೊಂದರೆಯೂ ಉಂಟು. ಒಬ್ಬರಿಗೇ ಅಂಟಿಕೊಂಡ ಗಿಳಿ, ಅವರು ಬೆಳಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೊರಟರೆ ಸಂಜೆಯವರೆಗೆ ಒಂಟಿ. ವಿಯೆನ್ನಾದ ಸಂಶೋಧಕರು 2014ರಲ್ಲಿ ಆಫ್ರಿಕನ್ ಗ್ರೇಗಳ ರಕ್ತ ಪರೀಕ್ಷಿಸಿದಾಗ, ಒಂಟಿಯಾಗಿ ಸಾಕಿದವುಗಳಲ್ಲಿ ಕ್ರೋಮೋಸೋಮಿನ ತುದಿಯ ಟೆಲೋಮಿಯರ್‌ಗಳು ಜೋಡಿಯಾಗಿದ್ದವುಗಳಿಗಿಂತ ಗಿಡ್ಡವಾಗಿದ್ದವು. ಅವು ಗಿಡ್ಡವಾಗುವುದು ಜೀವಕೋಶಗಳು ಸವೆಯುತ್ತಿರುವುದರ ಒಂದು ಗುರುತು. ಎಲ್ಲಕ್ಕೂ ಮನುಷ್ಯನೇ ಸಾಕು ಎಂಬ ಹೆಮ್ಮೆಯನ್ನು ಬಿಟ್ಟು, ಸಾಧ್ಯವಿದ್ದರೆ ತನ್ನದೇ ಜಾತಿಯ ಜೊತೆಗಾರನನ್ನೂ, ಕಾಗದದಲ್ಲಿ ಸುತ್ತಿಟ್ಟ ಕಾಳನ್ನು ಹುಡುಕಿ ಬಿಡಿಸಿ ತಿನ್ನುವಂಥ ಕೆಲಸವನ್ನೂ ಕೊಡಬೇಕು.

ಬೆರಳ ಮೇಲೆ ಬರಲು ಕಲಿತ ಹಕ್ಕಿಗೆ ಮುಂದೆ ಕಲಿಸಬೇಕಾದ್ದು, ನನ್ನ ಲೆಕ್ಕದಲ್ಲಿ, ಶಿಳ್ಳೆ ಹಾಕುವುದಲ್ಲ, ಮುತ್ತು ಕೊಡುವುದೂ ಅಲ್ಲ; ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ತಾನಾಗಿ ಹತ್ತಿ ನಿಲ್ಲುವುದು. ಬೇಟೆಯಾಗುವ ಪ್ರಾಣಿ ತನ್ನ ರೋಗವನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ಹೊರಗೆ ಕಾಣುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ತೂಕ ಮಾತ್ರ ಮೊದಲೇ ಸುಳಿವು ಕೊಡುತ್ತದೆ. ಕಾಕಟೀಲ್ ತೂಗುವುದು ಸುಮಾರು 80ರಿಂದ 100 ಗ್ರಾಂ. ವಾರಕ್ಕೆರಡು ಬಾರಿ, ಬೆಳಗಿನ ತಿಂಡಿಗೆ ಮುಂಚೆ ತೂಗಿ ಬರೆದಿಡಿ. ಎಂದಿನ ತೂಕದಲ್ಲಿ ಹತ್ತರಲ್ಲೊಂದು ಪಾಲು ಇಳಿದಿದ್ದರೆ, ಹಕ್ಕಿ ಎಷ್ಟೇ ಲವಲವಿಕೆಯಿಂದ ಕಂಡರೂ, ಅದೇ ದಿನ ಹಕ್ಕಿಗಳನ್ನು ನೋಡುವ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.