ಬಾಸ್ಕೆಟ್‌ಬಾಲ್ ಆಡುವ ಮಗಳ ಮೊಣಕಾಲು

ಬಸ್ರೂರಿನ ನನ್ನ ಕ್ಲಿನಿಕ್ಕಿಗೆ ಒಂದು ಸಂಜೆ ತಾಯಿಯೊಬ್ಬರು ಹೈಸ್ಕೂಲು ಓದುವ ಮಗಳನ್ನು ಕರೆತಂದರು. ಬಾಸ್ಕೆಟ್‌ಬಾಲ್ ಆಡುವಾಗ ಚೆಂಡಿಗಾಗಿ ಜಿಗಿದವಳು, ನೆಲಕ್ಕಿಳಿಯುವಾಗ ಮೊಣಕಾಲು ತಿರುಚಿ ಬಿದ್ದಿದ್ದಳು. ಉಳುಕೆಂದು ಎಣ್ಣೆ ಹಾಕಿ ತಿಕ್ಕಿಸಿಯೂ ಆಗಿತ್ತು. ಬಾವು ಇಳಿದಿರಲಿಲ್ಲ. "ಡಾಕ್ಟ್ರೇ, ಇನ್ನು ಆಟ ಬಿಡ್ಸುದೇ ಒಳ್ಳೇದಲ್ದಾ? ಹೆಣ್ಮಕ್ಳಿಗೆ ಇದೆಲ್ಲ ಎಂತಕ್ಕೆ?" ಎಂದರು ತಾಯಿ. ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು.

ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಎದ್ದಿರಬಹುದು. 2017ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಹಿಳೆಯರ ಏಷ್ಯಾ ಕಪ್ ಬಾಸ್ಕೆಟ್‌ಬಾಲ್ ನಡೆದಾಗ ಭಾರತ ತಂಡ ಕಜಾಕಿಸ್ತಾನವನ್ನು 75-73ರಿಂದ ಸೋಲಿಸಿ, 'ಬಿ' ವಿಭಾಗದಿಂದ 'ಎ' ವಿಭಾಗಕ್ಕೇರಿತು. 'ಎ' ವಿಭಾಗದ ಫೈನಲಿನಲ್ಲಿ ಜಪಾನ್ ಒಂದೇ ಅಂಕದಿಂದ, 74-73ರಲ್ಲಿ ಆಸ್ಟ್ರೇಲಿಯಾವನ್ನು ಮಣಿಸಿತು. 40 ನಿಮಿಷಗಳ ಆಟದುದ್ದಕ್ಕೂ ಓಟ, ನೆಗೆತ, ತಟಕ್ಕನೆ ತಿರುಗುವಿಕೆ. ಅಂಥ ಆಟಗಾರ್ತಿಯರೂ ನಮ್ಮ ಮಕ್ಕಳಂತೆ ಶಾಲೆಯ ವಯಸ್ಸಿನಲ್ಲೇ ಆಟ ಕಲಿತವರು.

ಪೆಟ್ಟು ಎಲ್ಲಿ?

ಮೊಣಕಾಲಿನೊಳಗೆ ತೊಡೆಯ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಹಿಡಿದಿಡುವ ಎರಡು ಲಿಗಮೆಂಟುಗಳು ಕತ್ತರಿಯಂತೆ ಅಡ್ಡಹಾಯುತ್ತವೆ. ಇಂಥ ಆಟಗಳಲ್ಲಿ ಹೆಚ್ಚಾಗಿ ಹರಿಯುವುದು ಮುಂದಿನದು. ಯಾರೂ ಢಿಕ್ಕಿ ಹೊಡೆಯಬೇಕೆಂದಿಲ್ಲ. ಮೊಣಕಾಲು ಮಡಿಸದೆ, ಒಳಕ್ಕೆ ವಾಲಿಸಿ ನೆಲಕ್ಕಿಳಿದರೆ ಸಾಕು. ಹದಿಹರೆಯದ ನಂತರ ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಲ್ಲಿ ಎರಡರಿಂದ ನಾಲ್ಕು ಪಟ್ಟು ಹೆಚ್ಚು. ನೆಲಕ್ಕಿಳಿಯುವ ರೀತಿ, ತೊಡೆಯ ಹಿಂಭಾಗದ ಸ್ನಾಯುಗಳ ದೌರ್ಬಲ್ಯ ಇದಕ್ಕೆ ಮುಖ್ಯ ಕಾರಣಗಳು. ಇವೆರಡನ್ನೂ ತಿದ್ದಬಹುದು.

ಗುರುತಿಸುವುದು ಹೇಗೆ?

'ಟಕ್' ಎಂಬ ಸದ್ದು, ಕೆಲವೇ ಗಂಟೆಗಳಲ್ಲಿ ಬಾವು, ನಡೆಯುವಾಗ ಮೊಣಕಾಲು ಜಾರಿದಂತಾಗುವುದು ಇದರ ಲಕ್ಷಣಗಳು. ಕೂಡಲೇ ಆಟ ನಿಲ್ಲಿಸಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ. ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಿ. ಕ್ರೇಪ್ ಬ್ಯಾಂಡೇಜ್ ಸುತ್ತಿ ಕಾಲನ್ನು ದಿಂಬಿನ ಮೇಲೆ ಎತ್ತರಿಸಿ. ತಿಕ್ಕುವುದು, ಬಿಸಿನೀರಿನ ಶಾಖ ಬೇಡ. ಎಕ್ಸ್‌ರೇಯಲ್ಲಿ ಮೂಳೆ ಸರಿಯಿದ್ದ ಮಾತ್ರಕ್ಕೆ ನೆಮ್ಮದಿ ಪಡಬೇಡಿ. ಲಿಗಮೆಂಟ್ ಅದರಲ್ಲಿ ಕಾಣಿಸದು. ಮೂಳೆತಜ್ಞರ ಪರೀಕ್ಷೆ, ಅಗತ್ಯವಿದ್ದರೆ ಎಂಆರ್‌ಐ ಬೇಕು. ಕೆಲವು ವಾರಗಳಲ್ಲಿ ನೋವು ಇಳಿದೀತು. ಆದರೆ ಹರಿದದ್ದನ್ನು ಗಮನಿಸದೆ ಮತ್ತೆ ಆಡಿದರೆ ಒಳಗಿನ ಮೆತ್ತೆಯೂ ಹರಿದು, ಸಣ್ಣ ಪ್ರಾಯದಲ್ಲೇ ಸಂಧಿ ಸವೆಯಬಹುದು. ಶಸ್ತ್ರಚಿಕಿತ್ಸೆಯಾದವರು ಕನಿಷ್ಠ 9 ತಿಂಗಳು ಅಂಕಣಕ್ಕೆ ಮರಳದಿರುವುದು ಒಳ್ಳೆಯದು.

ತಡೆಯುವುದು ಹೇಗೆ?

ಅಭ್ಯಾಸಕ್ಕೆ ಮುನ್ನ 15 ನಿಮಿಷ, ವಾರಕ್ಕೆ ಎರಡು ಮೂರು ಬಾರಿ ಇವನ್ನು ಮಾಡಿಸಿ:

* ನಿಧಾನ ಓಟ, ಅನಂತರ ಅರ್ಧ ಬಸ್ಕಿ. ಮೊಣಕಾಲು ಪಾದದ ಬೆರಳುಗಳ ನೇರಕ್ಕಿರಲಿ.
* ಒಂಟಿ ಕಾಲಿನಲ್ಲಿ ಅರ್ಧ ನಿಮಿಷ ನಿಲ್ಲುವುದು.
* ಜಿಗಿದು, ಮೊಣಕಾಲು ಮಡಿಸಿ, ಸದ್ದಾಗದಂತೆ ನೆಲಕ್ಕಿಳಿಯುವುದು.

ಇಂಥ ವ್ಯಾಯಾಮವನ್ನು ತಪ್ಪದೆ ಮಾಡುವ ಹುಡುಗಿಯರಲ್ಲಿ ಈ ಪೆಟ್ಟು ಸುಮಾರು ಅರ್ಧಕ್ಕಿಳಿಯುತ್ತದೆ. ಖರ್ಚೇನೂ ಇಲ್ಲ. ಅಂಗಳದಲ್ಲಿ ಮಗಳು ಜಿಗಿಯುವಾಗ ನೀವು ಎದುರು ನಿಂತು ಮೊಣಕಾಲು ಒಳಕ್ಕೆ ವಾಲುತ್ತದೆಯೇ ಎಂದು ನೋಡಿದರೂ ಆಯಿತು.

ಆ ತಾಯಿಗೆ ನಾನು ಹೇಳಿದ್ದೂ ಇದನ್ನೇ. ಮೊದಲು ಮೂಳೆತಜ್ಞರಿಗೆ ತೋರಿಸಿ, ಮೊಣಕಾಲು ಗುಣವಾಗಲಿ. ಆಮೇಲೆ ಬಿಡಿಸಬೇಕಾದದ್ದು ಆಟವನ್ನಲ್ಲ, ತಪ್ಪಾಗಿ ನೆಲಕ್ಕಿಳಿಯುವ ಅಭ್ಯಾಸವನ್ನು. ಆಗ ಹುಡುಗಿ ತಲೆ ಎತ್ತಿದಳು.